ನಳಿಕೆ ಉದ್ದವಾದಷ್ಟೂ ಗುಂಡಿಗೆ ವೇಗ ಹೆಚ್ಚೇ?

ಅಮೆರಿಕದ ಪಶ್ಚಿಮದ ಹುಲ್ಲು ಬಯಲುಗಳಲ್ಲಿ ದನ ಸಾಕುವವರಿಗೆ ಪ್ರೇರಿ ನಾಯಿ ಎಂದರೆ ತಲೆನೋವು. ಹೆಸರಿಗೆ ನಾಯಿಯಾದರೂ ಅದು ಅಳಿಲಿನ ಕುಲಕ್ಕೆ ಸೇರಿದ, ಬಿಲ ತೋಡಿ ವಾಸಿಸುವ ಪುಟ್ಟ ಪ್ರಾಣಿ. ಇದನ್ನೂ, ಕುರಿಮರಿಗಳ ಮೇಲೆರಗುವ ಕಾಯೋಟಿ ಎಂಬ ತೋಳದ ಸಂಬಂಧಿಯನ್ನೂ ದೂರದಿಂದ ಹೊಡೆಯಲೆಂದೇ ಅಲ್ಲಿ ‘ವಾರ್ಮಿಂಟ್ ರೈಫಲ್’ ಎಂಬ ಬಂದೂಕಿನ ವರ್ಗ ಬೆಳೆದಿದೆ. ಪುಟ್ಟ ಗುಂಡು, ವಿಪರೀತ ವೇಗ ಇದರ ಲಕ್ಷಣ. ನಳಿಕೆ ಸಾಮಾನ್ಯವಾಗಿ 24 ಅಥವಾ 26 ಇಂಚು ಉದ್ದ. ವಾಹನದಿಂದ ಪದೇ ಪದೇ ಹತ್ತಿಳಿಯುವವರಿಗೆ ಇಷ್ಟುದ್ದದ ಬಂದೂಕು ತೊಡಕು. ಅಲ್ಲಿನ ಫೆಡರಲ್ ಕಾನೂನಿನಂತೆ 16 ಇಂಚಿಗಿಂತ ಗಿಡ್ಡ ನಳಿಕೆಯ ರೈಫಲ್‌ಗೆ ಪ್ರತ್ಯೇಕ ನೋಂದಣಿ ಬೇಕಾಗುವುದರಿಂದ, ಅನೇಕರು 16 ಇಂಚಿಗೇ ಬಂದು ನಿಲ್ಲುತ್ತಾರೆ. ಹಾಗೆ ಮಾಡಿದಾಗ ಕಳೆದುಕೊಳ್ಳುವುದು ಎಷ್ಟು?

ಬಿದಿರಿನ ಪೆಟ್ಲು ಕೋವಿಯಲ್ಲಿ ಕಾಯಿ ಹಾರಿಸಿ ಆಡಿದವರಿಗೆ ಇದರ ಮೂಲತತ್ವ ಗೊತ್ತೇ ಇದೆ. ಕೊಳವೆಯೊಳಗೆ ಒತ್ತಿಹಿಡಿದ ಗಾಳಿ ಹಿಗ್ಗುತ್ತ ಕಾಯಿಯನ್ನು ಹೊರದೂಡುತ್ತದೆ. ರೈಫಲ್‌ನಲ್ಲಿ ಆ ಗಾಳಿಯ ಜಾಗದಲ್ಲಿ ಉರಿದ ಮದ್ದಿನ ಅನಿಲವಿರುತ್ತದೆ. ಗುಂಡು ಕೆಲವೇ ಸೆಂಟಿಮೀಟರ್ ಸರಿಯುವಷ್ಟರಲ್ಲಿ ಒತ್ತಡ ತುತ್ತತುದಿಗೇರಿ, ಬಳಿಕ ಇಳಿಯತೊಡಗುತ್ತದೆ. ಗುಂಡು ಮುಂದೆ ಹೋದಂತೆಲ್ಲ ಅನಿಲಕ್ಕೆ ಹರಡಿಕೊಳ್ಳಲು ಜಾಗ ಹೆಚ್ಚುತ್ತದೆ, ತಳ್ಳುವ ಬಲ ಕುಗ್ಗುತ್ತದೆ. ಆದರೂ ಈ ಬಲ ನಳಿಕೆಯ ಘರ್ಷಣೆಗಿಂತ ಹೆಚ್ಚಿರುವವರೆಗೆ ಗುಂಡಿನ ವೇಗ ಏರುತ್ತಲೇ ಇರುತ್ತದೆ. ಮೊದಲ ಇಂಚುಗಳು ಕೊಡುವಷ್ಟು ಲಾಭವನ್ನು ಕೊನೆಯ ಇಂಚುಗಳು ಕೊಡುವುದಿಲ್ಲ, ಅಷ್ಟೆ.

ಆದ್ದರಿಂದ ‘ಇಂಚಿಗೆ ಇಷ್ಟು ವೇಗ’ ಎಂಬ ಒಂದೇ ಲೆಕ್ಕ ಎಲ್ಲ ಬಂದೂಕಿಗೂ ಹೊಂದದು. ನಿರ್ಧಾರಕವಾದದ್ದು ನಳಿಕೆಯ ರಂಧ್ರಕ್ಕೆ ಹೋಲಿಸಿದರೆ ಮದ್ದು ಎಷ್ಟಿದೆ ಎಂಬುದು. 1887ರಿಂದ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ಕಾಡತೂಸಿನಲ್ಲಿರುವುದು ಹೆಚ್ಚುಕಡಿಮೆ ಗ್ರಾಮಿನ ಹತ್ತನೇ ಒಂದು ಪಾಲು ಮದ್ದು. ಸುಮಾರು 16ರಿಂದ 20 ಇಂಚಿನೊಳಗೆ ಅದರ ಶಕ್ತಿ ತೀರಿಹೋಗುತ್ತದೆ. ಅಲ್ಲಿಂದ ಮುಂದಿನ ನಳಿಕೆ ಗುಂಡನ್ನು ತಳ್ಳುವ ಬದಲು ಉಜ್ಜಿ ನಿಧಾನಿಸುವುದೂ ಉಂಟು. 1964ರಲ್ಲಿ ಮಾರುಕಟ್ಟೆಗೆ ಬಂದ .223 ರೆಮಿಂಗ್ಟನ್‌ನಲ್ಲಿ, ರಂಧ್ರದ ಅಗಲ ಬಹುತೇಕ ಅಷ್ಟೇ ಇದ್ದರೂ, ಸುಮಾರು ಒಂದೂವರೆ ಗ್ರಾಂ ಮದ್ದಿರುತ್ತದೆ. ಮರುವರ್ಷ ಅದೇ ಕಂಪನಿ ಅಧಿಕೃತಗೊಳಿಸಿದ .22-250ರಲ್ಲಿ ಎರಡು ಗ್ರಾಮಿಗೂ ಹೆಚ್ಚು. ನಳಿಕೆ ಮೊಟಕಾದರೆ ಅತಿ ಹೆಚ್ಚು ನಷ್ಟ ಅನುಭವಿಸುವುದು ಈ ಕೊನೆಯದೇ. 1935ರಲ್ಲಿ ವಿಂಚೆಸ್ಟರ್ ಹೊರತಂದ .220 ಸ್ವಿಫ್ಟ್ ಸೆಕೆಂಡಿಗೆ 4,000 ಅಡಿಯ ಗಡಿ ದಾಟಿ ಹೆಸರು ಮಾಡಿತು. ಅದಕ್ಕೂ 26 ಇಂಚಿನ ನಳಿಕೆಯ ಬೆಂಬಲವಿತ್ತು. ಅಂಥ ಕಾಡತೂಸಿಗೆ ಗಿಡ್ಡ ನಳಿಕೆ ಜೋಡಿಸುವುದೆಂದರೆ ದುಡ್ಡು ಕೊಟ್ಟು ಕೊಂಡ ಮದ್ದನ್ನು ಗಾಳಿಗೆ ಸುಟ್ಟಂತೆ. ಕಿವಿಗಪ್ಪಳಿಸುವ ಸದ್ದು, ನಳಿಕೆಯ ಬಾಯಲ್ಲಿ ಬೆಂಕಿಯ ಹೊಳಪು, ಇವಿಷ್ಟೇ ಪ್ರತಿಫಲ.

ಬಹುಜನರ ಕೈಯಲ್ಲಿರುವ .223ರ ಲೆಕ್ಕವನ್ನೇ ನೋಡೋಣ. 55 ಗ್ರೇನ್, ಅಂದರೆ ಮೂರೂವರೆ ಗ್ರಾಂ ತೂಕದ ಗುಂಡು 24 ಇಂಚಿನ ನಳಿಕೆಯಿಂದ ಸೆಕೆಂಡಿಗೆ 3,240 ಅಡಿ, ಅಂದರೆ ಸುಮಾರು 988 ಮೀಟರ್ ವೇಗದಲ್ಲಿ ಹೊರಡುತ್ತದೆಂದು ತಯಾರಕರ ಪಟ್ಟಿ ಹೇಳುತ್ತದೆ. ಇಂಚಿಗೆ ಸರಾಸರಿ 30 ಅಡಿ ಕಡಿತವೆಂದು ಹಿಡಿದರೆ 16 ಇಂಚಿಗೆ ಉಳಿಯುವುದು 3,000 ಅಡಿ. ನಷ್ಟ ಶೇ. 7ರಷ್ಟೇ ಎನಿಸಬಹುದು. ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಶೇ. 14ರಷ್ಟು ಕುಸಿಯುತ್ತದೆ. ಇನ್ನೊಂದು ಬಗೆಯಲ್ಲೂ ಇದನ್ನು ಅಳೆಯಬಹುದು. ಈ ಗುಂಡು ಮೊದಲ 100 ಗಜ ಸಾಗುವಷ್ಟರಲ್ಲಿ ಗಾಳಿಯ ಪ್ರತಿರೋಧದಿಂದ ಸುಮಾರು 490 ಅಡಿ ವೇಗ ಕಳೆದುಕೊಳ್ಳುತ್ತದೆ. ಹಾಗಾಗಿ 16 ಇಂಚಿನ ಬಂದೂಕು ಹಿಡಿದವನು ಗುರಿಯಿಂದ ಸರಿಸುಮಾರು 50 ಗಜ ಹಿಂದೆ ಸರಿದು ಹೊಡೆದಂತೆ ಲೆಕ್ಕ.

ಈ 50 ಗಜ ಕೇವಲ ಅಂಕಿಯ ಮಾತಲ್ಲ. ವಾರ್ಮಿಂಟ್ ಗುಂಡುಗಳ ತಾಮ್ರದ ಹೊದಿಕೆ ಬಹಳ ತೆಳು. ವೇಗವಾಗಿ ಬಡಿದರೆ ಅವು ಚೂರಾಗುತ್ತವೆ. ಪ್ರಾಣಿ ತಕ್ಷಣ ಸಾಯುತ್ತದೆ, ನೆಲಕ್ಕೆ ತಾಗಿದ ಗುಂಡು ಚಿಮ್ಮಿ ಮತ್ತೆಲ್ಲೋ ಹಾರುವ ಸಂಭವವೂ ಕಡಿಮೆ. ವೇಗ ತಗ್ಗಿದಾಗ ಗುಂಡು ಇಡಿಯಾಗಿಯೇ ಉಳಿಯಬಹುದು. ಗಾಯಗೊಂಡ ಪ್ರಾಣಿ ಬಿಲ ಸೇರಿ ನರಳುತ್ತದೆ; ಗಟ್ಟಿ ನೆಲಕ್ಕೆ ಬಡಿದು ಚಿಮ್ಮಿದ ಗುಂಡು ಆಚೆ ಮೇಯುತ್ತಿರುವ ದನವನ್ನೋ ಪಕ್ಕದ ಮನೆಯನ್ನೋ ತಲುಪಬಹುದು. ನೂರು ಗಜದೊಳಗೆ ಹೊಡೆಯುವವರಿಗೆ ಈ ಚಿಂತೆ ಅಷ್ಟಾಗಿ ಇಲ್ಲ. 250 ಗಜದಾಚೆ ಗುರಿಯಿಡುವವರು ಮಾತ್ರ ನಳಿಕೆ ಕತ್ತರಿಸುವ ಮುನ್ನ ಯೋಚಿಸಬೇಕಾದೀತು.

ಉದ್ದ ನಳಿಕೆಗೆ ಗುರಿ ಹೆಚ್ಚು ನಿಖರ ಎಂಬ ನಂಬಿಕೆಯೂ ವ್ಯಾಪಕವಾಗಿದೆ. ಇದು ಸರಿಯಲ್ಲ. ದಪ್ಪ ಒಂದೇ ಆಗಿದ್ದರೆ ಗಿಡ್ಡ ನಳಿಕೆಯೇ ಹೆಚ್ಚು ಬಿಗಿ. ಗುಂಡು ಹಾರುವಾಗ ಅದು ಕಂಪಿಸುವುದೂ ಕಡಿಮೆ. ವೇಗದ ಅಳತೆಯಲ್ಲೂ ಒಂದು ಎಚ್ಚರ ಅಗತ್ಯ. ಒಂದೇ ಉದ್ದದ, ಒಂದೇ ಕಾರ್ಖಾನೆಯ ಎರಡು ನಳಿಕೆಗಳ ನಡುವೆಯೇ ಸೆಕೆಂಡಿಗೆ 50 ಅಡಿಯಷ್ಟು ಅಂತರ ಕಂಡುಬರುವುದು ಅಪರೂಪವಲ್ಲ. ಅದಕ್ಕಾಗಿಯೇ ಪರೀಕ್ಷಕರು ಒಂದೇ ನಳಿಕೆಯನ್ನು ಇಂಚಿಂಚಾಗಿ ಕತ್ತರಿಸುತ್ತ, ಪ್ರತಿ ಬಾರಿಯೂ ಒಂದೇ ತಯಾರಿಕೆಯ ಹಲವು ಗುಂಡು ಹಾರಿಸಿ ಸರಾಸರಿ ತೆಗೆಯುತ್ತಾರೆ. ಎರಡು ಬೇರೆ ಬೇರೆ ಬಂದೂಕುಗಳನ್ನು ಪಕ್ಕಪಕ್ಕ ಇಟ್ಟು ಅಳೆದರೆ 22 ಇಂಚಿನ ನಳಿಕೆಯೇ 24 ಇಂಚಿನದನ್ನು ಮೀರಿಸಿಬಿಡಬಹುದು.