ಮುದ್ರೆಗೆ ಸಾಕ್ಷಿ ಯಾರು?

ಖಾನಾಪುರ ತಾಲೂಕಿನ ಪಾರಿಶ್ವಾಡದಲ್ಲಿ ನಡುರಾತ್ರಿ ಒಬ್ಬರಿಗೆ ಉಸಿರು ಕಟ್ಟಿತೆನ್ನಿ. ಮನೆಯವರು ಬೆಳಗಾವಿಯ ದಾರಿ ಹಿಡಿಯುತ್ತಾರೆ. ತೀವ್ರ ನಿಗಾ ಘಟಕದ ಬಾಗಿಲು ಮುಚ್ಚಿತೆಂದರೆ ರೋಗಿ ಒಳಗೆ, ಬಂಧುಗಳು ಹೊರಗೆ. ವೈದ್ಯರು ಬಂದು ಹೋಗುತ್ತಾರೆ. ಉಸಿರಾಟದ ಯಂತ್ರದ ಪಕ್ಕದಲ್ಲಿ ಬೆಳಗಿನವರೆಗೆ ಎಚ್ಚರವಾಗಿರುವವಳು ದಾದಿ. ಆಕೆ ಈ ವಿದ್ಯೆಯನ್ನು ನಿಜವಾಗಿ ಕಲಿತವಳೇ?

ಕೈಯಲ್ಲಿರುವ ಪ್ರಮಾಣಪತ್ರವೊಂದೇ ಇದಕ್ಕೆ ಉತ್ತರವಾಗಲಾರದು. ಕಾಗದವನ್ನೂ ಮುದ್ರೆಯನ್ನೂ ಯಾರಾದರೂ ಅಚ್ಚು ಹಾಕಿಸಬಹುದು. ದೇಶಕ್ಕೆಲ್ಲ ಶುಶ್ರೂಷಾ ಶಿಕ್ಷಣದ ಒಂದೇ ಅಳತೆ ಇರಲೆಂದು 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ ಬಂದಿತು. ದಾದಿಯರ ಹೆಸರುಗಳನ್ನು ನೋಂದಾಯಿಸುವುದು ರಾಜ್ಯ ಪರಿಷತ್ತಿನ ಹೊಣೆ. ಆದುದರಿಂದ ಮೊದಲು ನೋಂದಣಿಯ ಸಂಖ್ಯೆಯನ್ನು ಆ ದಾಖಲೆಯೊಡನೆ ತಾಳೆ ನೋಡಬೇಕು. ಆದರೆ ನೋಂದಣಿಯು ಸಾಮಾನ್ಯ ಶುಶ್ರೂಷೆಗೆ ಸಾಕ್ಷಿಯೇ ಹೊರತು ವಿಶೇಷ ವಿದ್ಯೆಗಲ್ಲ. ತೀವ್ರ ನಿಗಾ ಶುಶ್ರೂಷೆಗೆ ಒಂದು ವರ್ಷದ ಡಿಪ್ಲೊಮಾ ಬೇರೆಯೇ ಉಂಟು. ಅದನ್ನು ಕೊಟ್ಟ ಸಂಸ್ಥೆಗೆ ಆ ವರ್ಷ ಮಾನ್ಯತೆಯಿತ್ತೇ ಎಂದು ನೋಡಿ, ಪತ್ರವು ನಿಜವೇ ಎಂದು ಆ ಸಂಸ್ಥೆಯನ್ನೇ ನೇರವಾಗಿ ಕೇಳಬೇಕು. ಉತ್ತರವು ಅಭ್ಯರ್ಥಿಯ ಕೈಯಿಂದ ಬರಕೂಡದು.

ಹೀಗೆ ಕೇಳುವುದು ಅವಮಾನವಲ್ಲ. ಕಷ್ಟಪಟ್ಟು ಕಲಿತವಳ ಮಾನವನ್ನು ಕಾಯುವುದೂ ಈ ಪರೀಕ್ಷೆಯೇ. ಆದರೆ ಇದು ಬಾಗಿಲ ಹೊರಗೆ ಕಣ್ಣೀರಿಡುವ ಬಂಧುಗಳು ಕೇಳುವ ಪ್ರಶ್ನೆಯಲ್ಲ. ನೇಮಕದ ದಿನವೇ ಆಸ್ಪತ್ರೆ ಕೇಳಿ ಮುಗಿಸಬೇಕಾದದ್ದು.