ನಕ್ಷತ್ರ ಆಮೆಯ ಮರಿ ಸಾಕಣೆ

ನಕ್ಷತ್ರ ಆಮೆಯ ಮರಿ ಸಾಕಣೆ ಎಂದರೆ ಮೊಟ್ಟೆಯೊಡೆದು ಹೊರಬಂದ ನಕ್ಷತ್ರ ಆಮೆಯನ್ನು (ವೈಜ್ಞಾನಿಕ ಹೆಸರು: ಜಿಯೊಕೆಲೋನ್ ಎಲೆಗನ್ಸ್) ಮನುಷ್ಯರ ಆರೈಕೆಯಲ್ಲಿ ಬೆಳೆಸುವುದು. ಚಿಪ್ಪಿನ ಮೇಲಿನ ಹಳದಿ ಗೆರೆಗಳ ಅಂದಕ್ಕಾಗಿ, ಮನೆಗೆ ಅದೃಷ್ಟ ತರುತ್ತದೆಂಬ ನಂಬಿಕೆಗಾಗಿ ಈ ಆಮೆಯನ್ನು ಸಾಕುವವರಿದ್ದಾರೆ. ಆದರೆ ಇದು ಭಾರತದಲ್ಲಿ ಸಂರಕ್ಷಿತ ವನ್ಯಜೀವಿ. ಅನುಮತಿಯಿಲ್ಲದೆ ಇದನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು ಮತ್ತು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ.

ಜೀವಿಯ ಪರಿಚಯ

ನಕ್ಷತ್ರ ಆಮೆಯು ನೆಲದ ಮೇಲೆ ವಾಸಿಸುವ ಆಮೆ. ಗುಜರಾತ್ ಮತ್ತು ರಾಜಸ್ಥಾನದ ಒಣ ಪ್ರದೇಶಗಳು, ಆಂಧ್ರಪ್ರದೇಶ, ತಮಿಳುನಾಡು, ಕರ್ನಾಟಕದ ಪೂರ್ವಭಾಗದ ಕುರುಚಲು ಕಾಡುಗಳು ಹಾಗೂ ಶ್ರೀಲಂಕಾ ಇದರ ನೆಲೆಗಳು. ಚಿಪ್ಪಿನ ಪ್ರತಿಯೊಂದು ಫಲಕದ ನಡುವಿನಿಂದ ಹಳದಿ ಗೆರೆಗಳು ಕಿರಣಗಳಂತೆ ಹೊರಹೊಮ್ಮುವುದರಿಂದ ಈ ಹೆಸರು ಬಂದಿದೆ. ಮರಿಯಲ್ಲಿ ಗೆರೆಗಳು ಕಡಿಮೆ. ವಯಸ್ಸಾದಂತೆ ಅವು ಹೆಚ್ಚುತ್ತವೆ. ಹೆಣ್ಣು ಗಂಡಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ಹಲವು ದಶಕಗಳ ಕಾಲ ಬದುಕುವ ಜೀವಿಯಾದ್ದರಿಂದ, ಒಂದು ಮರಿಯನ್ನು ಬೆಳೆಸುವುದು ಒಂದೆರಡು ವರ್ಷಗಳ ಹೊಣೆಯಲ್ಲ.

ಮರಿಯ ಜನನ

ಹೆಣ್ಣು ಆಮೆಯು ಹಿಂಗಾಲುಗಳಿಂದ ನೆಲದಲ್ಲಿ ಗುಳಿ ತೋಡಿ, ಕೆಲವೇ ಮೊಟ್ಟೆಗಳನ್ನಿಟ್ಟು ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ತಾಯಿ ಕಾವು ಕೊಡುವುದಿಲ್ಲ. ಮಣ್ಣಿನ ಶಾಖವೇ ಕಾವು. ಮರಿ ಹೊರಬರಲು ತಿಂಗಳುಗಳೇ ಬೇಕಾಗುತ್ತವೆ. ಈ ಅವಧಿಯೂ ಮರಿಯ ಲಿಂಗವೂ ಮಣ್ಣಿನ ಉಷ್ಣತೆಯನ್ನು ಅವಲಂಬಿಸಿವೆ. ಮರಿಯು ಮೂತಿಯ ತುದಿಯ ಗಟ್ಟಿ ಮೊನೆಯಿಂದ ಮೊಟ್ಟೆಯನ್ನು ಒಡೆಯುತ್ತದೆ. ಹೊರಬಂದ ಮರಿಯ ಹೊಟ್ಟೆಯಡಿ ಉಳಿದಿರುವ ಹಳದಿ ಭಂಡಾರದ ಚೀಲವು ಮೊದಲ ಕೆಲವು ದಿನಗಳ ಆಹಾರವಾಗುತ್ತದೆ. ಅದು ಪೂರ್ತಿಯಾಗಿ ಒಳಸೇರುವ ಮುನ್ನ ಎಳೆದರೆ ಅಥವಾ ಒರಟಾದ ಮೇಲ್ಮೈಗೆ ಉಜ್ಜಿದರೆ ಸೋಂಕು ತಗುಲಿ ಮರಿ ಸಾಯಬಹುದು.

ಪಾಲನೆಯ ಅಗತ್ಯಗಳು

ರಕ್ಷಣಾ ಕೇಂದ್ರಗಳಲ್ಲಿ ಮತ್ತು ಅನುಮತಿ ಪಡೆದ ಮೃಗಾಲಯಗಳಲ್ಲಿ ಮರಿಗಳನ್ನು ಬೆಳೆಸುವಾಗ ಈ ಅಂಶಗಳನ್ನು ಗಮನಿಸಲಾಗುತ್ತದೆ.

ಶಾಖ: ಆಮೆಯು ತನ್ನ ಮೈಯ ಉಷ್ಣತೆಯನ್ನು ತಾನೇ ಉತ್ಪಾದಿಸಲಾರದು. ಬಿಸಿಲು ಕಾಯಲು ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಮೂಲೆಯೂ, ಅಲ್ಲಿಂದ ಸರಿದುಹೋಗಲು ತಂಪಾದ ಇನ್ನೊಂದು ಮೂಲೆಯೂ ಬೇಕು. ಚಳಿ ಮತ್ತು ತೇವ ಒಟ್ಟಾದರೆ ಉಸಿರಾಟದ ಸೋಂಕು ಬರುತ್ತದೆ. ಮೂಗಿನಿಂದ ಸುರಿಯುವ ಲೋಳೆ ಅದರ ಮೊದಲ ಲಕ್ಷಣ.

ಬಿಸಿಲು: ಚಿಪ್ಪು ಮತ್ತು ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು. ಅದನ್ನು ದೇಹ ಹೀರಿಕೊಳ್ಳಲು ಡಿ3 ಜೀವಸತ್ವ ಬೇಕು. ಈ ಜೀವಸತ್ವವು ಬಿಸಿಲಿನ ನೇರಳಾತೀತ ಬಿ ಕಿರಣಗಳಿಂದ ಚರ್ಮದಲ್ಲಿ ಉಂಟಾಗುತ್ತದೆ. ಕಿಟಕಿಯ ಗಾಜು ಆ ಕಿರಣಗಳನ್ನು ತಡೆಯುವುದರಿಂದ, ಗಾಜಿನ ಮೂಲಕ ಬೀಳುವ ಬಿಸಿಲು ಈ ಅಗತ್ಯವನ್ನು ಪೂರೈಸುವುದಿಲ್ಲ.

ಆಹಾರ: ಹುಲ್ಲು, ಎಲೆ, ಹೂವು ಮುಖ್ಯ. ಗರಿಕೆ, ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಎಲೆ, ಮುಳ್ಳು ತೆಗೆದ ಪಾಪಾಸುಕಳ್ಳಿ ಸೂಕ್ತ. ಪಾಲಕ್ ಸೊಪ್ಪಿನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ದೊರೆಯದಂತೆ ಮಾಡುವುದರಿಂದ ಅದು ನಿತ್ಯದ ಆಹಾರವಲ್ಲ. ಅನ್ನ, ಬ್ರೆಡ್, ಹಾಲು ಈ ಜೀವಿಯ ಆಹಾರವೇ ಅಲ್ಲ.

ನೀರು: ಮರಿಯ ಮೈಯಿಂದ ನೀರು ಬೇಗ ಆರಿಹೋಗುತ್ತದೆ. ಆಳವಿಲ್ಲದ ತಟ್ಟೆಯಲ್ಲಿ, ಗದ್ದ ಮುಳುಗದಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಅದನ್ನು ಆಗಾಗ ಸ್ವಲ್ಪ ಹೊತ್ತು ನಿಲ್ಲಿಸಲಾಗುತ್ತದೆ. ಬೆಳೆಯುವ ವಯಸ್ಸಿನಲ್ಲಿ ವಾತಾವರಣ ತೀರ ಒಣಗಿದ್ದರೆ ಚಿಪ್ಪಿನ ಫಲಕಗಳು ಗೋಪುರಗಳಂತೆ ಅಸಹಜವಾಗಿ ಉಬ್ಬುತ್ತವೆ.

ಮನೆಗಳಲ್ಲಿ ಆಗುವ ಹಾನಿ

ನೆಲದ ಆಮೆಗೂ ನೀರಿನ ಆಮೆಗೂ ಇರುವ ವ್ಯತ್ಯಾಸ ತಿಳಿಯದೆ ಮರಿಯನ್ನು ಮೀನಿನ ತೊಟ್ಟಿಗೆ ಬಿಡುವುದು ದೊಡ್ಡ ತಪ್ಪು. ನಕ್ಷತ್ರ ಆಮೆ ಈಜಲಾರದು; ಮುಳುಗಿ ಸಾಯುತ್ತದೆ. ಬಿಸಿಲು ಕಾಣದೆ ಪೆಟ್ಟಿಗೆಯಲ್ಲಿ ಬೆಳೆದ ಮರಿಯ ಚಿಪ್ಪು ಬೆರಳಿಂದ ಒತ್ತಿದರೆ ಬಾಗುವಷ್ಟು ಮೆದುವಾಗುತ್ತದೆ. ಆಮೆಯು ನೋವನ್ನು ಕೂಗಿ ತಿಳಿಸುವುದಿಲ್ಲ. ನಿಧಾನವಾಗಿ ಮೇವು ಬಿಡುತ್ತದೆ. ಆದ್ದರಿಂದ ಕಾಯಿಲೆ ಗಮನಕ್ಕೆ ಬರುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ವಿರೂಪಗೊಂಡ ಚಿಪ್ಪು ಮತ್ತೆ ಮೊದಲಿನಂತಾಗುವುದಿಲ್ಲ.

ಕಾನೂನು

1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯಡಿ ನಕ್ಷತ್ರ ಆಮೆ ಮೊದಲು ನಾಲ್ಕನೆಯ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿಯು ಇದನ್ನು ಒಂದನೆಯ ಅನುಸೂಚಿಗೆ ಸೇರಿಸಿತು. ಈ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಂದನೆಯ ಅನುಸೂಚಿಯ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ 3ರಿಂದ 7 ವರ್ಷಗಳ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡ ವಿಧಿಸಬಹುದು. ಅಳಿವಿನ ಭೀತಿಯಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದವು 2019ರಲ್ಲಿ ಇದನ್ನು ಒಂದನೆಯ ಅನುಬಂಧಕ್ಕೆ ಏರಿಸಿ, ಕಾಡಿನಿಂದ ಹಿಡಿದ ಆಮೆಗಳ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನು ನಿಷೇಧಿಸಿತು.

ಕಳ್ಳಸಾಗಣೆ ಮತ್ತು ಮರಳುವಿಕೆ

ಪೆಟ್ಟಿಗೆಗಳಲ್ಲಿ ಬಚ್ಚಿಟ್ಟು ಸಾಗಿಸುವುದು ಸುಲಭವಾದ್ದರಿಂದ ಕಳ್ಳಸಾಗಣೆದಾರರು ಎಳೆಯ ಆಮೆಗಳನ್ನೇ ಹೆಚ್ಚಾಗಿ ಹಿಡಿಯುತ್ತಾರೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಂತಹ ಆಮೆಗಳನ್ನು ಹಲವು ಬಾರಿ ವಶಪಡಿಸಿಕೊಳ್ಳಲಾಗಿದೆ. 2018ರ ನವೆಂಬರ್‌ನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳನ್ನು ಬೆಂಗಳೂರಿಗೆ ಮರಳಿ ತರಲಾಯಿತು. ಸಿಂಗಪುರದ ಆಕ್ರೆಸ್, ಭಾರತದ ವೈಲ್ಡ್‌ಲೈಫ್ ಎಸ್‌ಓಎಸ್ ಮತ್ತು ಕರ್ನಾಟಕ ಅರಣ್ಯ ಇಲಾಖೆ ಈ ಕಾರ್ಯದಲ್ಲಿ ಜೊತೆಗೂಡಿದ್ದವು. ವಶಪಡಿಸಿಕೊಂಡ ಆಮೆಯನ್ನು ನೇರವಾಗಿ ಕಾಡಿಗೆ ಬಿಡುವಂತಿಲ್ಲ. ಅದಕ್ಕೆ ತಗುಲಿರಬಹುದಾದ ರೋಗ ಕಾಡಿನ ಆಮೆಗಳಿಗೆ ಹರಡಬಹುದು. ಬೇರೆ ಬೇರೆ ಪ್ರದೇಶಗಳ ಆಮೆಗಳ ನಡುವೆ ಆನುವಂಶಿಕ ಭಿನ್ನತೆ ಇರುವುದರಿಂದ ಅದು ಎಲ್ಲಿಯದೆಂದು ತಿಳಿಯುವುದೂ ಅಗತ್ಯ.

ಸಾಕುಪ್ರಾಣಿ ಮತ್ತು ವನ್ಯಜೀವಿ

ಮನೆಯಲ್ಲಿ ಬೆಳೆಸುವ ಮರಿಗೂ ಕಾಡಿನಿಂದ ತಂದ ಮರಿಗೂ ಇರುವ ವ್ಯತ್ಯಾಸಕ್ಕೆ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಬಂಡೂರು ಒಂದು ಉದಾಹರಣೆ. ಈ ಊರಿನ ಹೆಸರನ್ನೇ ಹೊತ್ತಿರುವ ಬಂಡೂರು ಕುರಿ, ರೈತರು ಆಯ್ದು ಸಾಕಿ ಉಳಿಸಿಕೊಂಡ ತಳಿ. ಅದರ ಮರಿಯನ್ನು ಎಷ್ಟು ಮನೆಗಳಲ್ಲಿ ಸಾಕಿದರೆ ತಳಿ ಅಷ್ಟು ಉಳಿಯುತ್ತದೆ. ನಕ್ಷತ್ರ ಆಮೆಯ ವಿಷಯದಲ್ಲಿ ಇದು ತಿರುಗುಮುರುಗು: ಮನೆ ಸೇರಿದ ಪ್ರತಿಯೊಂದು ಮರಿಯೂ ಕಾಡಿಗೆ ನಷ್ಟ. ಕೆಲವೇ ಮೊಟ್ಟೆಗಳನ್ನಿಡುವ, ನಿಧಾನವಾಗಿ ಪ್ರಾಯಕ್ಕೆ ಬರುವ ಜೀವಿಯಾದ್ದರಿಂದ ಆ ನಷ್ಟ ಬೇಗ ತುಂಬುವುದಿಲ್ಲ. ಕೆರೆ ಮತ್ತು ಗದ್ದೆಗಳಲ್ಲಿ ಕಾಣುವ ಫ್ಲ್ಯಾಪ್‌ಶೆಲ್ ಆಮೆಯೂ ಒಂದನೆಯ ಅನುಸೂಚಿಯಲ್ಲಿದ್ದು, ಅದನ್ನು ಬಾವಿಯಲ್ಲಾಗಲಿ ತೊಟ್ಟಿಯಲ್ಲಾಗಲಿ ಸಾಕುವಂತಿಲ್ಲ.

ಮರಿ ಕಂಡಾಗ

ಹೊಲದಲ್ಲಿ ಅಥವಾ ಕುರುಚಲಿನಲ್ಲಿ ಒಂಟಿಯಾಗಿ ಕಾಣುವ ಮರಿ ತಾಯಿ ತೊರೆದ ಮರಿಯಲ್ಲ. ಹುಟ್ಟಿದಂದಿನಿಂದಲೂ ಅದು ಒಂಟಿಯಾಗಿಯೇ ಬದುಕುತ್ತದೆ. ಗಾಯವಿಲ್ಲದಿದ್ದರೆ ಅದನ್ನು ಅಲ್ಲಿಯೇ ಬಿಡುವುದು ಸರಿ. ರಸ್ತೆ ದಾಟುತ್ತಿದ್ದರೆ ಅದು ಹೊರಟ ದಿಕ್ಕಿನ ಅಂಚಿಗೆ ಸೇರಿಸಬಹುದು. ಗಾಯಗೊಂಡ ಮರಿ ಕೈಗೆ ಬಂದರೆ ಅಥವಾ ಯಾರಾದರೂ ಮರಿಯನ್ನು ಮನೆಗೆ ತಂದಿದ್ದರೆ, ಕಾಯ್ದೆಯ 39ನೆಯ ಪ್ರಕರಣದಂತೆ 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕು. ಅವರು ಕೇಳಿದಾಗ ಮರಿಯನ್ನು ಒಪ್ಪಿಸಬೇಕು.