ಎದೆಯ ಬಿಳಿ ಕಲೆ: ಟಿಬಿಯೋ, ಕ್ಯಾನ್ಸರೋ?

ಗಲ್ಫ್ ವೀಸಾದ ಮೆಡಿಕಲ್‌ಗೆ ಹೋದ ಮಗನ ಎಕ್ಸ್‌ರೇಯಲ್ಲಿ ಬಿಳಿ ಕಲೆ ಕಂಡರೆ ನಮ್ಮ ಮನೆಗಳಲ್ಲಿ ನಿದ್ದೆಯೇ ಹಾರಿಹೋಗುತ್ತದೆ. "ದೊಡ್ಡ ಕಾಯಿಲೆಯಾ?" ಎಂಬುದೇ ಮೊದಲ ಪ್ರಶ್ನೆ. ಆದರೆ ಕಲೆ ಬರೀ ಸುಳಿವು, ತೀರ್ಪಲ್ಲ. ನ್ಯುಮೋನಿಯಾ, ಟಿಬಿ, ಕ್ಯಾನ್ಸರ್ ಮೂರೂ ಎಕ್ಸ್‌ರೇಯಲ್ಲಿ ಒಂದೇ ತರ ಕಾಣಬಹುದು.

ಸಿಟಿ ಸ್ಕ್ಯಾನ್ ಇನ್ನಷ್ಟು ಹೇಳುತ್ತದೆ. ಗಂಟಿನ ಅಂಚು ಮುಳ್ಳುಮುಳ್ಳಾಗಿದ್ದರೆ ಕ್ಯಾನ್ಸರ್‌ನ ಸಂಶಯ. ಗಂಟಿಡೀ ಸುಣ್ಣ ಕಟ್ಟಿದ್ದರೆ ಹೆಚ್ಚಾಗಿ ಹಳೆಯ ಸೋಂಕಿನ ಗುರುತು. ಸಕ್ಕರೆ ಹೀರುವ ಜಾಗ ಪೆಟ್ ಸ್ಕ್ಯಾನ್‌ನಲ್ಲಿ ಹೊಳೆಯುತ್ತದೆ. ಕ್ಯಾನ್ಸರ್ ಮಾತ್ರವಲ್ಲ, ಟಿಬಿಯೂ ಹೊಳೆಯುತ್ತದೆ. ಟಿಬಿ ಹೆಚ್ಚಿರುವ ನಮ್ಮ ದೇಶದಲ್ಲಿ ಇದು ನೆನಪಿರಲಿ.

ಹಾಗಾಗಿ ಕೊನೆಯ ಮಾತು ಕಫ ಪರೀಕ್ಷೆ ಮತ್ತು ಬಯಾಪ್ಸಿಯದ್ದು. "ಸೂಜಿ ಹಾಕಿದ್ರೆ ಹರಡ್ತದೆ" ಎಂದು ನಾವು ಮುಂದೂಡುತ್ತೇವೆ. ಅಂಥದ್ದು ತೀರಾ ವಿರಳ. ತಡವೇ ದೊಡ್ಡ ಅಪಾಯ. ಹಾಗೆಯೇ, ಕಫ ಪರೀಕ್ಷಿಸದೆ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿದರೆ, ಒಳಗಿರುವುದು ಕ್ಯಾನ್ಸರ್ ಆಗಿದ್ದರೆ ಅದಕ್ಕೆ ಬೆಳೆಯಲು ಸಮಯ ಕೊಟ್ಟಂತೆ.

ಹಳೆಯ ಮೆಡಿಕಲ್‌ನ ಎಕ್ಸ್‌ರೇ ಎಸೆಯಬೇಡಿ. 2 ವರ್ಷ ಬದಲಾಗದ ಗಟ್ಟಿ ಗಂಟು ಹೆಚ್ಚಾಗಿ ನಿರುಪದ್ರವಿ. ಡಾಕ್ಟರಿಗೆ ಹೋಲಿಸಿ ನೋಡಲು ಕಪಾಟಿನಲ್ಲಿರುವ ಆ ಫಿಲ್ಮೇ ಬೇಕಾಗುತ್ತದೆ.